ಕೊನೆಯ ಮಡಿಕೆ

"ನಿಲುವಂಗಿ ಇದೆಯಲ್ಲ ಯಜಮಾನ್ರೇ, ಹೊಸದು ಯಾಕೆ ಹೊಲೀಬೇಕು?" ಎಂದರು ಚರ್ಚಿನ ಸಭಾಪಾಲಕರು. ಅಂದ ಮೇಲೆ, ತಾವು ಆಡಿದ ಮಾತು ತಮ್ಮದೇ ಕಿವಿಗೆ ಬಿದ್ದವರಂತೆ ತಡವರಿಸಿ, ಮೇಜಿನ ಮೇಲಿದ್ದ ಟೇಪನ್ನು ಎತ್ತಿಕೊಂಡು ಬೆರಳಿಗೆ ಸುತ್ತತೊಡಗಿದರು.

ಮುದುಕ ದರ್ಜಿ ತಲೆ ಎತ್ತಲಿಲ್ಲ. ಯಾರದೋ ಕೋಟಿನ ತೋಳಿಗೆ ಅಸ್ತರು ಕೂಡಿಸುತ್ತಿದ್ದವನು ಸೂಜಿಯನ್ನು ಬಟ್ಟೆಯಲ್ಲೇ ಚುಚ್ಚಿ ನಿಲ್ಲಿಸಿದ. ಅಂಗಡಿ ಎಂದರೆ ಮನೆಯ ಮುಂದಿನ ಕೋಣೆಯೇ. ಗೋಡೆಗೆ ಒಂದು ಉದ್ದ ಕನ್ನಡಿ, ಕಿಟಕಿಯ ಬಳಿ ಹೊಲಿಗೆ ಯಂತ್ರ, ಮೂಲೆಯಲ್ಲೊಂದು ಬಟ್ಟೆಯ ಕಪಾಟು. ಆ ಕಪಾಟಿನ ಮೇಲಿನ ಅರೆಯನ್ನು ಒಂಬತ್ತು ತಿಂಗಳಿಂದ ಅವನು ತೆರೆದಿರಲಿಲ್ಲ.

"ನಾಳೆ ಯುವಜನರ ಭಾನುವಾರ. ಒಬ್ಬಳಾದರೂ ನಿಲ್ಲದೆ ಹೋದರೆ ಹೇಗೆ?" ಎಂದರು ಸಭಾಪಾಲಕರು. "ಬೇಕರಿಯವರ ಮಗಳೊಬ್ಬಳೇ ಉಳಿದಿರೋದು. ಅವಳಿಗೆ ಈ ವರ್ಷ ಹದಿನೆಂಟು. ಎರಡು ವರ್ಷದ ಹಿಂದೆ ತಾನೇ ಸಭೆಗೆ ಸೇರಿದವಳು, ಅವಳಿಗೆ ಅಂತ ನಿಲುವಂಗಿ ಇಲ್ಲ. ನಿಮ್ಮ ಮೊಮ್ಮಗಳದ್ದರಲ್ಲಿ ಒಂದು ಮಡಿಕೆ ಇನ್ನೂ ಹಾಗೇ ಇದೆ..."

"ಇದೆ," ಎಂದ ದರ್ಜಿ.

ಆ ಮಡಿಕೆಗಳ ಪದ್ಧತಿ ಬೇರೆ ಯಾವ ಸಭೆಯಲ್ಲೂ ಇರಲಿಲ್ಲ. ನಲವತ್ತು ವರ್ಷದ ಹಿಂದೆ ಅದನ್ನು ಶುರು ಮಾಡಿದವರು ದರ್ಜಿ ಮತ್ತು ಅವನ ಹೆಂಡತಿಯೇ. ಆಗ ಬಟ್ಟೆ ತುಟ್ಟಿ. ವರ್ಷ ವರ್ಷವೂ ಬೆಳೆಯುವ ಮಕ್ಕಳಿಗೆ ವರ್ಷ ವರ್ಷವೂ ನಿಲುವಂಗಿ ಹೊಲಿಯುವುದು ಆಗದ ಮಾತು. ಹಾಗಾಗಿ ಮಗುವಿಗೆ ಹನ್ನೆರಡು ತುಂಬಿದಾಗ ದೊಡ್ಡವರ ಅಳತೆಯ ಬಿಳಿ ನಿಲುವಂಗಿಯನ್ನೇ ಹೊಲಿದು, ಕೆಳಗೆ ಒಂದರ ಮೇಲೊಂದು ಆರು ಮಡಿಕೆ ಹಾಕಿ ಗಿಡ್ಡ ಮಾಡುತ್ತಿದ್ದರು. ಪ್ರತಿ ಯುವಜನರ ಭಾನುವಾರ ಎಲ್ಲರ ಎದುರಿಗೆ ದರ್ಜಿ ಮೊಣಕಾಲೂರಿ ಕೂತು ಒಂದು ಮಡಿಕೆ ಬಿಚ್ಚುವನು. "ದೇವರು ಬೆಳೆಸಲಿ" ಎನ್ನುವನು. ಸಭೆಯೆಲ್ಲ "ಬೆಳೆಸಲಿ" ಎಂದು ಚಪ್ಪಾಳೆ ತಟ್ಟುವುದು. ಹದಿನೆಂಟಕ್ಕೆ ಆರನೆಯ ಮಡಿಕೆ ಬಿಚ್ಚಿದರೆ ನಿಲುವಂಗಿ ಪಾದ ಮುಟ್ಟುತ್ತಿತ್ತು. ಅಂದಿನಿಂದ ಅವರು ಸಭೆಯಲ್ಲಿ ದೊಡ್ಡವರು, ಕೈ ಎತ್ತಿ ಅಭಿಪ್ರಾಯ ಹೇಳಬಹುದು. ಒಂದು ಕಾಲಕ್ಕೆ ಇಪ್ಪತ್ತಮೂರು ಮಕ್ಕಳು ಸಾಲಾಗಿ ನಿಂತಿದ್ದರು. ಅಂದು ದರ್ಜಿಯ ಮೊಣಕಾಲು ಊದಿಕೊಂಡು, ಹೆಂಡತಿ ಬಿಸಿನೀರಿನ ಶಾಖ ಕೊಟ್ಟಿದ್ದಳು.

ಮೊಮ್ಮಗಳಿಗೆ ಐದು ಮಡಿಕೆ ಬಿಚ್ಚಿ ಆಗಿತ್ತು. ಐದನೆಯದನ್ನು ಬಿಚ್ಚಿದಾಗ ಅವಳು ನಿಲ್ಲಲಾರದೆ ಕುರ್ಚಿಯಲ್ಲಿ ಕೂತಿದ್ದಳು. ರಕ್ತದ ಕಾಯಿಲೆ. "ಮುಂದಿನ ವರ್ಷ ಕೊನೇದು. ನಿಂತ್ಕೊಂಡೇ ಬಿಚ್ಚಿಸ್ಕೋತೀಯ ನೋಡು," ಎಂದು ದರ್ಜಿ ಅವಳ ಕಿವಿಯಲ್ಲಿ ಹೇಳಿದ್ದ. ಅವಳು "ಹೂಂ ತಾತ" ಎಂದಿದ್ದಳು. ಅದಾದ ಮೇಲೆ ಮೂರು ತಿಂಗಳು ಇದ್ದಳು.

ಒಳಗಿನಿಂದ ದರ್ಜಿಯ ಮಗಳು ಬಾಗಿಲ ತನಕ ಬಂದು ನಿಂತಳು. ಹೆತ್ತ ಮಗಳನ್ನು ಮಣ್ಣು ಮಾಡಿ ಬಂದ ದಿನದಿಂದ ಅವಳು ದೇವಾಲಯದ ಮೆಟ್ಟಿಲು ಹತ್ತಿರಲಿಲ್ಲ. ಸಭಾಪಾಲಕರ ಕಡೆ ನೋಡದೆ, "ಕೊಟ್ಟುಬಿಡಪ್ಪ. ಬಟ್ಟೆ ತಾನೇ," ಎಂದು ಹೇಳಿ ಒಳಗೆ ಹೋದಳು.

"ಹುಡುಗೀನ ಮಧ್ಯಾಹ್ನ ಕಳಿಸಿ ಅಯ್ಯನವರೇ. ಭುಜದ ಅಳತೆ ನೋಡ್ಬೇಕು," ಎಂದ ದರ್ಜಿ.

ಹುಡುಗಿ ಬಂದಾಗ ಅವಳ ತೋಳಿಗೆ ಮೈದಾ ಹಿಟ್ಟು ಮೆತ್ತಿತ್ತು. ತುಂಬಾ ಉದ್ದದ ಹುಡುಗಿ. ಬಾಗಿಲಲ್ಲಿ ಅಭ್ಯಾಸಬಲದಿಂದ ತಲೆ ತಗ್ಗಿಸಿಯೇ ಬರುವಳು. ಮೊಮ್ಮಗಳು ಅವಳಿಗೆ ಏಣಿ ಎಂದು ಹೆಸರಿಟ್ಟಿದ್ದಳು. ಮೊಮ್ಮಗಳ ಅಡ್ಡಹೆಸರು ಚಿಂದಿ. ಅದು ತಾತ ಇಟ್ಟದ್ದು. ತೆವಳುವ ಕಾಲಕ್ಕೆ ಅವಳು ಯಂತ್ರದ ಕೆಳಗಿನ ಚೂರುಬಟ್ಟೆಯ ರಾಶಿಯಲ್ಲೇ ನಿದ್ದೆ ಹೋಗುತ್ತಿದ್ದಳು. ಏಣಿಯೂ ಚಿಂದಿಯೂ ಸೇರಿದರೆ ಮನೆಯ ಹೆಂಚು ಹಾರುವಷ್ಟು ನಗುತ್ತಿದ್ದರು.

"ಕೈ ತೊಳ್ಕೊಂಡು ಬಾ. ಬಿಳಿ ಬಟ್ಟೆ," ಎಂದ ದರ್ಜಿ.

"ಹಿಟ್ಟೂ ಬಿಳೀನೇ ಅಲ್ವಾ ತಾತ," ಎಂದು ಅವಳು ನಗಲು ನೋಡಿದಳು. ಅವನು ನಗದಿದ್ದುದನ್ನು ಕಂಡು ಕೈ ತೊಳೆಯಲು ಹೋದಳು.

ಅವನು ಕಪಾಟಿನ ಮೇಲಿನ ಅರೆ ತೆರೆದ. ನಿಲುವಂಗಿಯನ್ನು ಅವಳ ಮೇಲೆ ಹಾಕಿಸಿ, ಭುಜದ ಬಳಿ ಎರಡು ಗುಂಡುಸೂಜಿ ಚುಚ್ಚಿದ. ಮೊಣಕಾಲೂರಿ ಕೆಳಗಿನ ಮಡಿಕೆಯನ್ನು ಬೆಳಕಿಗೆ ತಿರುಗಿಸಿದ. ಅಲ್ಲೇ ಕೈ ನಿಂತುಹೋಯಿತು.

ಅದು ಅವನ ಹೊಲಿಗೆಯಲ್ಲ. ಅವನ ಹೊಲಿಗೆ ಸಾಸಿವೆ ಸಾಲಿಟ್ಟಂತೆ ಇರುತ್ತಿತ್ತು. ಇದು ಒಂದು ಉದ್ದ, ಒಂದು ಗಿಡ್ಡ, ಸುಸ್ತಾದವರು ಗೋಡೆ ಹಿಡಿದು ನಡೆದಂತೆ ಕುಂಟುತ್ತ ಸುತ್ತಲೂ ಹೋಗಿತ್ತು. ದಾರವೂ ಬೇರೆ. ಬಟ್ಟೆಯನ್ನು ತಾತ್ಕಾಲಿಕವಾಗಿ ಹಿಡಿದಿಡಲು ಬಳಸುವ ದಪ್ಪ ಕಚ್ಚಾ ದಾರ. ಕಳೆದ ವರ್ಷ ಅದರ ಒಂದು ಉಂಡೆ ಕಾಣೆಯಾಗಿ ಅವನು ಮನೆಯೆಲ್ಲ ಕೂಗಾಡಿದ್ದ. ಮಂಚದ ಮೇಲಿಂದ ಚಿಂದಿ, "ಇಲಿ ತಿಂದಿರಬೇಕು ತಾತ. ಪಾಪ, ಅದಕ್ಕೂ ಪ್ಯಾಂಟು ಬೇಕೇನೋ," ಎಂದಿದ್ದಳು.

"ಇದನ್ನ ಯಾರು ಹೊಲಿದದ್ದು?"

ಏಣಿ ಕನ್ನಡಿಯಲ್ಲಿ ತನ್ನ ಮುಖವನ್ನು ನೋಡುವುದು ಬಿಟ್ಟು ನೆಲ ನೋಡಿದಳು. "ನಿಮಗೆ ಹೇಳ್ಬೇಡ ಅಂದಿದ್ಲು."

"ಯಾರು?"

"ಇನ್ಯಾರು ತಾತ."

ಹೊರಗೆ ಸೈಕಲ್ಲಿನ ಗಂಟೆ ಬಾರಿಸುತ್ತ ಯಾರೋ ಹೋದರು. ಆ ಸದ್ದು ಅಡಗುವ ತನಕ ಅವಳು ಕಾದಳು.

"ಅವಳೇ ಬಿಚ್ಚಿದ್ಲು. ಒಂದಿನ ನೀವು ಅಂಗಡಿ ಸಾಮಾನಿಗೆ ಹೋಗಿದ್ರಿ. ಬ್ಲೇಡು ಕೊಡೇ ಏಣಿ ಅಂದ್ಲು, ಕೊಟ್ಟೆ. ಬಿಚ್ಚಿ, ಹಾಕ್ಕೊಂಡು, ನನ್ನ ಹೆಗಲು ಹಿಡ್ಕೊಂಡು ಮಂಚದ ಮೇಲೆ ನಿಂತ್ಲು. 'ನೋಡೇ, ನಂಗೀಗ ಹದಿನೆಂಟು. ಇನ್ಮೇಲೆ ಸಭೇಲಿ ಕೈ ಎತ್ತಬಹುದು. ಮೊದಲು ಅಯ್ಯನವರ ಪ್ರಸಂಗ ಹದಿನೈದೇ ನಿಮಿಷ ಅಂತ ಗೊತ್ತು ಮಾಡ್ಸೋಣ' ಅಂದ್ಲು. ಇಬ್ರೂ ತುಂಬಾ ನಕ್ವಿ. ಆಮೇಲೆ ಅವಳು ಅತ್ಲು. ಆಮೇಲೆ, ತಾತ ಬರೋಷ್ಟರಲ್ಲಿ ಮುಗಿಸ್ಬೇಕು ಅಂತ ಮತ್ತೆ ಹೊಲಿದ್ಲು. ಕೈ ನಡುಗ್ತಿತ್ತು. ದಾರ ನಾನೇ ಪೋಣಿಸಿ ಕೊಟ್ಟೆ."

"ಒಂದು ವರ್ಷ ತಡೀಬಹುದಿತ್ತಲ್ಲ," ಎಂದ ದರ್ಜಿ. ಹೇಳುವಾಗಲೇ ಅದೆಂಥ ಮಾತು ಎಂದು ಅವನಿಗೆ ತಿಳಿಯಿತು. "ನಂಗ್ಯಾಕೆ ಹೇಳ್ಲಿಲ್ಲ?"

"ಹೇಳೋಕೆ ಬಂದಿದ್ಲಂತೆ ತಾತ. ಎರಡು ಸಲ." ಹುಡುಗಿಯ ದನಿ ಸಣ್ಣದಾಯಿತು. "ನೀವು ಅಂಥ ಮಾತು ಆಡಬಾರದು ಅಂತ ತಲೆ ಮೇಲೆ ಕೈ ಇಟ್ಟು ಪ್ರಾರ್ಥನೆ ಮಾಡಿದ್ರಂತೆ. 'ತಾತ ಮುಂದಿನ ವರ್ಷಕ್ಕೆ ಕಾಯ್ತಿದಾರೆ ಕಣೇ, ಅವರ ನಂಬಿಕೆ ಕೆಡಿಸಬಾರದು' ಅಂದ್ಲು."

ದರ್ಜಿಗೆ ನೆನಪಿತ್ತು. ಎರಡೂ ಸಲದ್ದು ನೆನಪಿತ್ತು. "ತಾತ, ಒಂದು ಮಾತು," ಎಂದಿದ್ದಳು. ಅವಳ ಕಣ್ಣು ನೋಡಿಯೇ ಅವನಿಗೆ ಅದು ಸಾವಿನ ಮಾತೆಂದು ಗೊತ್ತಾಗಿತ್ತು. ಅದು ಅವಳ ಬಾಯಿಂದ ಹೊರಗೆ ಬರುವ ಮೊದಲೇ ಅವನು ದೇವರನ್ನು ಕೂಗಿದ್ದ. ಒಂದು ಸಲ ಅರ್ಧ ಗಂಟೆ ಪ್ರಾರ್ಥಿಸಿದ್ದ. ಕಣ್ಣು ಬಿಟ್ಟಾಗ ಅವಳು ಗೋಡೆಯ ಕಡೆ ಹೊರಳಿ ಮಲಗಿದ್ದಳು. ನಿದ್ದೆ ಬಂದಿದೆ, ದೇವರು ಪ್ರಾರ್ಥನೆ ಕೇಳಿದ ಎಂದು ಅವನು ಹೊದಿಕೆ ಹೊದಿಸಿ ಬಂದಿದ್ದ.

ನೆಲ ಹಿಡಿದು ಏಳಲು ನೋಡಿದ. ಮೊಣಕಾಲು ಕೇಳಲಿಲ್ಲ. ಏಣಿ ರಟ್ಟೆ ಹಿಡಿದು ಎತ್ತಿ ಮುಕ್ಕಾಲಿಯ ಮೇಲೆ ಕೂರಿಸಿದಳು. ಅವನು "ನಿಂಗೇನಾದ್ರೂ ಹೇಳೋದಿದೆಯಾ?" ಎಂದು ಕೇಳಿದ. ಹರೆಯದ ಮಕ್ಕಳನ್ನು ಅವನು ಹಾಗೆ ಕೇಳಿದ್ದು ಅದೇ ಮೊದಲು.

ಅವಳಿಗೆ ಆಶ್ಚರ್ಯವಾಯಿತು. ನಿಲುವಂಗಿಯ ತೋಳನ್ನು ಹಿಂಡುತ್ತ, "ಅಪ್ಪ ಬೇಕರಿ ಮುಚ್ತಾರೆ. ಈ ತಿಂಗಳು ಮುಗಿದರೆ ನಾವು ಹೋಗ್ತೀವಿ ತಾತ," ಎಂದಳು. "ಅಯ್ಯನವರಿಗೆ ಹೇಳೋಣ ಅಂತ ಮೂರು ಸಲ ಹೋದೆ. ಒಂದ್ಸಲ ಯುವಜನ ಸಂಘದ ಕಾರ್ಯದರ್ಶಿ ಮಾಡಿದ್ರು. ಇನ್ನೊಂದ್ಸಲ ಭಾನುವಾರದ ಶಾಲೆ ನೀನೇ ನೋಡ್ಕೋ ಅಂದ್ರು. ಮೂರನೇ ಸಲ ಹಾಡಿನ ಪುಸ್ತಕದ ಕಪಾಟಿನ ಬೀಗದ ಕೈ ಕೊಟ್ರು. ನಾನೀಗ ಸಂಘದಲ್ಲಿ ಅಧ್ಯಕ್ಷೆ, ಕಾರ್ಯದರ್ಶಿ, ಸದಸ್ಯೆ ಎಲ್ಲಾ. ಸಭೆ ಕರೆದ್ರೆ ಕನ್ನಡಿ ಮುಂದೆ ನಿಂತ್ಕೋಬೇಕು."

ದರ್ಜಿಯ ಕೈ ತಾನಾಗಿ ಮೇಲೆದ್ದು ಅವಳ ತಲೆಯತ್ತ ಹೋಯಿತು. "ದೇವರು..." ಎಂದು ಬಾಯಿ ಶುರು ಮಾಡಿತು. ಅಷ್ಟಕ್ಕೇ ಕೈ ಕೆಳಗಿಳಿಸಿ, ಅವಳ ಭುಜದ ಗುಂಡುಸೂಜಿ ತೆಗೆದ.

ಸಂಜೆ ಮಗಳು ಪಾತ್ರೆ ತೊಳೆಯುತ್ತಿದ್ದಾಗ ಹೋಗಿ ಹಿಂದೆ ನಿಂತ. "ಆ ಮಡಿಕೆ ವಿಷಯ ನಿಂಗೆ ಗೊತ್ತಿತ್ತಾ?"

ನೀರಿನ ಸದ್ದು ನಿಲ್ಲಲಿಲ್ಲ. "ಗೊತ್ತಿತ್ತು."

"ನೀನಾದ್ರೂ ಹೇಳ್ಬಹುದಿತ್ತಲ್ಲಮ್ಮ."

"ನಿನ್ನ ಮುಖ ನೋಡಿ ಯಾರಪ್ಪ ಹೇಳ್ತಾರೆ? ನೀನು ಎದ್ದರೂ ಕೂತರೂ ಸ್ತೋತ್ರ ಅಂತಿದ್ದೆ. ನಿನ್ನ ಹಿಡಿದು ನಿಲ್ಲಿಸೋದೇ ಅವಳಿಗೊಂದು ಕೆಲಸ ಆಗಿತ್ತು." ತೊಳೆದ ತಟ್ಟೆಯನ್ನೇ ಮತ್ತೆ ತೊಳೆದಳು. "ಊಟಕ್ಕೆ ಕೂತ್ಕೋ. ಆರಿ ಹೋಗುತ್ತೆ."

ಮರುದಿನ ದೇವಾಲಯದಲ್ಲಿ ಹದಿನಾಲ್ಕು ಜನ ಇದ್ದರು. ಹಿಂದಿನ ಗೋಡೆಗೆ "ನಮ್ಮ ಯುವಜನರಿಗೆ ಅಭಿನಂದನೆಗಳು" ಎಂಬ ಹಳೆಯ ಬಟ್ಟೆಯ ಫಲಕ ಕಟ್ಟಿದ್ದರು. ವರ್ಷವೆಲ್ಲ ಮಡಿಸಿಟ್ಟ ಗೆರೆ ಅಕ್ಷರಗಳನ್ನು ಅಡ್ಡಡ್ಡ ಸೀಳಿತ್ತು. ಬೇಕರಿಯವನು ಕೊನೆಯ ಬೆಂಚಿನಲ್ಲಿ ತಲೆ ತಗ್ಗಿಸಿ ಕೂತಿದ್ದ. "ಪ್ರಿಯ ಯುವಜನರೇ, ನೀವು ಈ ಸಭೆಯ ನಾಳೆ. ನಿಮ್ಮನ್ನು ನೋಡಿ ನಮಗೆ ಎಷ್ಟು ಧೈರ್ಯ!" ಎಂದು ಸಭಾಪಾಲಕರು ಶುರುಮಾಡಿದರು. ಒಬ್ಬಳೇ ನಿಂತಿದ್ದ ಏಣಿ, ತನ್ನ ಪಕ್ಕದಲ್ಲಿ ಇನ್ನೂ ಯಾರೋ ಇರುವರೇನೋ ಎಂಬಂತೆ ಒಮ್ಮೆ ಎಡಕ್ಕೆ ನೋಡಿದಳು. ಪ್ರಸಂಗ ಮುಕ್ಕಾಲು ಗಂಟೆಯಾಯಿತು. ಮಾತು ಹಾರೈಕೆಯದೇ, ಮನಸ್ಸೂ ಒಳ್ಳೆಯದೇ. ಕೇಳುತ್ತ ಕೇಳುತ್ತ ದರ್ಜಿಗೆ ತನ್ನದೇ ದನಿ ಕೇಳಿದಂತಾಯಿತು.

ಕರೆದಾಗ ಸಣ್ಣ ಕತ್ತರಿ ಹಿಡಿದು ಹೋದ. ಅವಳ ಕಾಲ ಬಳಿ ಮೊಣಕಾಲೂರಿದ. ಕತ್ತರಿಯ ತುದಿಯನ್ನು ದಾರದ ಕೆಳಗೆ ತೂರಿಸಿದವನು ಕತ್ತರಿಸಲಾರದೆ ಹಿಂದಕ್ಕೆ ತೆಗೆದ. ದಾರದ ಕೊನೆಯನ್ನು ಹುಡುಕಿ ಹಿಡಿದು ಮೆಲ್ಲಗೆ ಎಳೆದ. ಅದು ಎಲ್ಲೂ ತಡೆಯದೆ ಸರಸರನೆ ಸುತ್ತಲೂ ಬಿಚ್ಚಿಕೊಂಡು ಅವನ ಕೈಗೆ ಬಂದುಬಿಟ್ಟಿತು. ಕೊನೆಗೆ ಗಂಟು ಹಾಕಿರಲಿಲ್ಲ. ಗಂಟು ಹಾಕು, ಗಂಟು ಹಾಕು ಎಂದು ಅವನು ಎಷ್ಟು ಸಲ ಅವಳನ್ನು ಗದರಿದ್ದನೋ.

ಈಗ ಅವನು ಒಂದು ಮಾತು ಹೇಳಬೇಕಿತ್ತು. ಎಲ್ಲರೂ ಕಾದರು. ಯಾರೋ ಕೆಮ್ಮಿದರು. ಅವನು ಕೈಗೆ ಬಂದ ದಾರವನ್ನೇ ನೋಡುತ್ತಿದ್ದ. ಹೇಳಿರಬೇಕು, ತಮಗೆ ಕೇಳಿಸಲಿಲ್ಲ ಎಂದುಕೊಂಡು ಸಭೆ "ಬೆಳೆಸಲಿ" ಎಂದಿತು. ಹನ್ನೆರಡು ಜನರ ಚಪ್ಪಾಳೆ ಖಾಲಿ ಬೆಂಚುಗಳ ಮೇಲೆ ಬಿದ್ದು ಬೇಗ ಮುಗಿಯಿತು.

ಮಡಿಕೆ ಕೆಳಗಿಳಿದಿತ್ತು. ಆದರೂ ಏಣಿಯ ಪಾದಕ್ಕೆ ಅದು ಮುಟ್ಟಲಿಲ್ಲ. ಕೆಳಗೆ ಒಂದು ಗೇಣು ಕಾಲು, ಸವೆದ ಚಪ್ಪಲಿ ಕಾಣುತ್ತಿತ್ತು. ಅವಳು ಬಗ್ಗಿ, "ಏಳ್ತೀರಾ ತಾತ?" ಎಂದು ಪಿಸುಗುಟ್ಟಿದಳು. ಅವನು ಬೇಡವೆಂದು ತಲೆಯಾಡಿಸಿದ. ಅವಳು ಆಶೀರ್ವಾದ ಪಡೆಯಲು ಮುಂದೆ ನಡೆದಳು. ಸೂಜಿ ಚುಚ್ಚಿದ ತೂತುಗಳು ಬಿಳಿ ಬಟ್ಟೆಯ ಸುತ್ತ ಉದ್ದ ಗಿಡ್ಡವಾಗಿ ಹಾಗೇ ಉಳಿದಿದ್ದವು. ಕಿಟಕಿಯ ಬೆಳಕು ಅವುಗಳೊಳಗಿಂದ ತೂರಿ ಬಂತು.

ಕೊನೆಯ ಕೀರ್ತನೆ ಮುಗಿದು ಜನ ಎದ್ದರು. ದರ್ಜಿ ಅಲ್ಲೇ ಮೊಣಕಾಲ ಮೇಲಿದ್ದ. ಆ ದಪ್ಪ ದಾರವನ್ನು ತೋರುಬೆರಳಿಗೆ ಸುತ್ತುತ್ತಿದ್ದ. ಬೆರಳಿನ ತುದಿ ನೀಲಿಗಟ್ಟಿತ್ತು. ಏಳೋಣವೆಂದರೆ ಕಾಲು ಬರಲಿಲ್ಲ, ಕರೆಯೋಣವೆಂದರೆ ದನಿ ಬರಲಿಲ್ಲ. ತಾತ ಪ್ರಾರ್ಥನೆಯಲ್ಲಿದ್ದಾರೆ ಎಂದುಕೊಂಡು ಜನ ಬದಿಯಿಂದ ಸುತ್ತಿ ಹೋದರು. ಸಭಾಪಾಲಕರು ಚಪ್ಪಲಿಯ ಸದ್ದು ಕೇಳಬಾರದೆಂದು ತುದಿಗಾಲಲ್ಲಿ ನಡೆದು ಹೊರಗೆ ಬಂದು, ದೊಡ್ಡ ಬಾಗಿಲನ್ನು ಬಹಳ ಮೆತ್ತಗೆ ಮುಂದಕ್ಕೆ ಎಳೆದುಕೊಂಡರು.