ಅಗಿದು ನುಂಗು

ಬೀನ್ಸಿನ ನಾರೊಂದು ಹಲ್ಲಿನ ಸಂದಿಯಲ್ಲಿ ಸಿಕ್ಕಿದೆ, ನಾಲಿಗೆ ಅದನ್ನೇ ತಡವುತ್ತಿದೆ, ತಡವಲಿ, ಅವಸರವೇನು, ನಿಧಾನವಾಗಿ ಅಗಿಯಬೇಕು ಅಂದಿದ್ದಾಳಲ್ಲ ಆ ಡಾಕ್ಟರು, ಮಗಳ ವಯಸ್ಸಿನ ಹುಡುಗಿ, ದಿನಾ ಏನೇನು ತಿಂತೀರಮ್ಮ, ಅಯ್ಯೋ ನಾನೇನು ತಿಂತೀನಿ ತಾಯಿ, ಏನೂ ಇಲ್ಲ— ಅದು ಸುಳ್ಳೂ ಅಲ್ಲ, ತಿಂದದ್ದು ನೆನಪಿದ್ದರೆ ತಾನೆ, ಹೊಲಿಗೆ ಮಿಷನ್ನಿನ ಮುಂದೆ ಕೂತು ಎಡಗೈಯಲ್ಲಿ ಬಟ್ಟೆ, ಬಲಗೈಯಲ್ಲಿ ಬಿಸ್ಕತ್ತು, ಬಾಯಲ್ಲಿ ಗುಂಡುಸೂಜಿ ಇಲ್ಲದಾಗೆಲ್ಲ ಏನಾದರೊಂದು, ಊರವರ ಸೊಂಟ ಅಳೆದು ಟೇಪಿನ ಅಂಕಿಗಳೇ ಅಳಿಸಿಹೋದವು, ತನ್ನ ಸೊಂಟಕ್ಕೆ ಒಮ್ಮೆಯೂ ಸುತ್ತಲಿಲ್ಲ, ದರ್ಜಿಯ ಅಂಗಿ ಯಾವತ್ತೂ ಬಿಗಿ ಎಂದು ನಾದಿನಿ ನಗುತ್ತಿದ್ದಳು, ಇವಳೂ ನಕ್ಕಳು. ರಕ್ತದಲ್ಲಿ ಸಕ್ಕರೆ ಏರಿದೆ, ಕೂತು ಊಟ ಮಾಡಿ, ಟಿ.ವಿ. ಬೇಡ, ಪ್ರತಿ ತುತ್ತಿನ ರುಚಿ ನೋಡಿ ನುಂಗಿ, ಸಾಕೋ ಇನ್ನೂ ಬೇಕೋ ಹೊಟ್ಟೆಯನ್ನೇ ಕೇಳಿ— ಹೊಟ್ಟೆಯನ್ನು ಕೇಳುವುದಂತೆ, ಅವರಿದ್ದಾಗ ಯಾರು ಕೇಳಿದರು, ಎರಡು ತುತ್ತು ಉಂಡು ಗಂಡ ತಟ್ಟೆಯನ್ನು ಈಚೆ ತಳ್ಳುತ್ತಿದ್ದರು, ನೀನೇ ತಿಂದುಬಿಡೆ, ಮಗಳು ಕೇಳಿದರೆ ಅಪ್ಪನೇ ಉಂಡರು ಅನ್ನು, ಇವಳು ತಿಂದಳು, ಅಪ್ಪ ಇವತ್ತು ಚೆನ್ನಾಗಿ ಉಂಡರು ಕಣೆ ಅಂದಳು, ಅವರು ಕಡ್ಡಿಯಾದರು, ಇವಳು ದುಂಡಗಾದಳು, ನೋಡಲು ಬಂದವರು ಕಣ್ಣಲ್ಲೇ ಮಾತಾಡಿಕೊಂಡರು, ಗಂಡ ಹಾಸಿಗೆ ಹಿಡಿದಿದ್ದಾನೆ, ಇವಳ ಮೈ ನೋಡು. ಗಂಡ ಹೋದ ಮೇಲೂ ಪಾತ್ರೆಯಲ್ಲಿ ಅವರ ಪಾಲು ಉಳಿಯುತ್ತಲೇ ಇತ್ತು, ಬಿಸಾಡಲು ಕೈ ಬರಲಿಲ್ಲ, ನಿಂತಲ್ಲೇ ಗಬಗಬ ನುಂಗಿ, ಪಾತ್ರೆ ತೊಳೆದು ಬೋರಲು ಹಾಕಿ, ಮತ್ತೆ ಮಿಷನ್ನಿಗೆ.

ಇವತ್ತು ಮಿಷನ್ನಿಗೆ ರಜೆ, ಮಗಳೂ ಮನೆಯಲ್ಲಿದ್ದಾಳೆ, ಬಿಸಿಲು ಮೇಜಿನ ಅರ್ಧಕ್ಕೆ ಬಂದು ಕೂತಿದೆ. ಅಗಿಯುತ್ತಾಳೆ, ಅನ್ನ, ಬೇಳೆ, ರುಚಿ ನೋಡಬೇಕಂತೆ, ನೋಡುತ್ತಾಳೆ, ಹುಳಿ ಇದೆ, ಖಾರ ಇದೆ, ಎಲ್ಲೋ ಏನೋ ಇಲ್ಲ— ಉಪ್ಪು. ಮರೆತೆನೇ? ಬೀನ್ಸಿನಲ್ಲೂ ಇಲ್ಲ. ಎದ್ದು ಹೋಗಿ ನಿನ್ನೆಯ ಪಲ್ಯ ಬಾಯಿಗಿಟ್ಟಳು, ಅದರಲ್ಲೂ ಇಲ್ಲ. ಮಗಳು ತಟ್ಟೆ ಹಿಡಿದು ಒಲೆಯ ಪಕ್ಕ ಆ ಕಡೆ ಮುಖ ಮಾಡಿ ನಿಂತಿದ್ದಾಳೆ, ದಿನವೂ ಹಾಗೇ, ಮೊಬೈಲ್ ಚಾರ್ಜಿಗೆ ಹಾಕುವುದು ಅಲ್ಲೇ, ಅದಕ್ಕೇ ಇರಬೇಕು ಎಂದುಕೊಂಡಿದ್ದಳು, ಮೊಣಕೈ ಅಲುಗುತ್ತದೆ, ಡಬ್ಬಿಯ ಮುಚ್ಚಳದ ಸದ್ದು. ಏನೇ ಅದು. ಏನಿಲ್ಲಮ್ಮ. ಉಪ್ಪು ಹಾಕ್ಕೋತಿದ್ದೀಯಾ. ಹೂಂ. ಯಾವಾಗಿಂದ. ಮಗಳು ತಿರುಗುವುದಿಲ್ಲ. ಅಪ್ಪ ಹೋದಾಗಿಂದ. ಸಪ್ಪೆ ಅಂತ ಒಂದು ಮಾತು ಹೇಳಬಾರದಿತ್ತೇನೇ. ನೀನು ಇನ್ನೂ ಅಪ್ಪನಿಗೇ ಅಡುಗೆ ಮಾಡ್ತಿದ್ದೆ, ಹೇಗಮ್ಮ ಹೇಳಲಿ.

ಮೊದಲೆಲ್ಲ ಅವರ ಪಾಲು ತೆಗೆದಿಟ್ಟು, ಆಮೇಲೆ ಉಳಿದದ್ದಕ್ಕೆ ಉಪ್ಪು ಹಾಕುತ್ತಿದ್ದಳು, ಇಡೀ ಪಾತ್ರೆ ಅವರದೇ ಆದದ್ದು ಯಾವಾಗ, ಗೊತ್ತೇ ಆಗಲಿಲ್ಲ, ಅಷ್ಟು ತಿಂಗಳು ನುಂಗಿದ್ದು ಏನನ್ನು— ಕಿಡ್ನಿ ಸೋತವರಿಗೆ ಉಪ್ಪು ಆಗದು ಎಂದು ಆಸ್ಪತ್ರೆಯವರು ಅಂದಿದ್ದರು, ಗಂಡ ಹೆಬ್ಬೆರಳು ತೋರುಬೆರಳು ಕೂಡಿಸಿ ಗಾಳಿಯಲ್ಲಿ ಎತ್ತಿ ತೋರಿಸುತ್ತಿದ್ದರು, ಒಂದು ಚಿಟಿಕೆ ಕಣೆ, ಒಂದೇ, ಬೇಡ ಅಂದರೆ ಬೇಡ ಎಂದು ಡಬ್ಬಿಯನ್ನು ಮೇಲಿನ ಹಲಗೆಗೆ ಏರಿಸಿದಳು, ಕೊನೆಗೆ ಮಾತು ನಿಂತಿತು, ಹೊದಿಕೆಯ ಮೇಲೆ ಆ ಎರಡು ಬೆರಳು ಮಾತ್ರ ಕೂಡಿಕೊಂಡೇ ಇರುತ್ತಿದ್ದವು, ನರ್ಸು ಬಿಡಿಸಿದರೂ ಮತ್ತೆ ಕೂಡುತ್ತಿದ್ದವು. ಮಗಳು ಡಬ್ಬಿ ತಂದು ಮೇಜಿನ ಮೇಲಿಡುತ್ತಾಳೆ, ನಿನಗೆ ಸ್ವಲ್ಪ ಆಗುತ್ತಮ್ಮ, ಹಾಕ್ಕೋ. ಹಾಕಿಕೊಳ್ಳಬೇಕು, ಹೌದು, ಬದುಕಬೇಕಲ್ಲ, ಹುಡುಗಿಗೆ ಇನ್ನು ಯಾರಿದ್ದಾರೆ, ಎರಡು ಬೆರಳಲ್ಲಿ ಉಪ್ಪು ಎತ್ತಿಕೊಳ್ಳುತ್ತಾಳೆ, ತಟ್ಟೆಯ ಮೇಲಕ್ಕೆ ತರುತ್ತಾಳೆ, ಇದು ಬಿದ್ದರೆ ಈ ಊಟ ತನ್ನದು, ತನ್ನೊಬ್ಬಳದು, ಬಿಡು, ಬೆರಳು ಸಡಿಲಿಸು ಅಷ್ಟೆ, ಒಂದು ಚಿಟಿಕೆ ಕಣೆ, ಒಂದೇ, ಬಿಡುತ್ತಿಲ್ಲ, ತಟ್ಟೆಯ ಮೇಲೆ, ಗಾಳಿಯಲ್ಲಿ, ಕೂಡಿಕೊಂಡ ಎರಡು ಬೆರಳು, ಎರಡು ಬೆರಳು