ಮುನಿರತ್ನನ ದೃಷ್ಟಿಬೊಂಬೆ

ಮಿಹಿರೆ ಎಂದರೆ ಭೂಮಿಕಾಗೆ ಪ್ರಾಣ. ಮಿಹಿರೆ ನೆಂಟರವಳೂ ಅಲ್ಲ, ಗೆಳತಿಯೂ ಅಲ್ಲ; ಮೊಬೈಲಿನಲ್ಲಿ ಬರುವ ಬಾಹ್ಯಾಕಾಶದ ಧಾರಾವಾಹಿಯೊಂದರ ದಂಡನಾಯಕಿ. ಹೊಸೂರಿನ ಕಾರ್ಖಾನೆಯಲ್ಲಿ ದಿನವೆಲ್ಲ ನಿಂತು, ಸೂಪರ್‌ವೈಸರನ ಬೈಗುಳ ತಿಂದು ಬಾಗಲೂರಿಗೆ ಮರಳುವ ಹುಡುಗಿಗೆ, ಯಾರಿಗೂ ತಲೆ ತಗ್ಗಿಸದ ಆ ಹೆಣ್ಣನ್ನು ನೋಡಿದರೆ ಹೊಟ್ಟೆ ತಣ್ಣಗಾಗುತ್ತಿತ್ತು. ಸ್ಪಂಜು, ತಂತಿ, ಬೆಳ್ಳಿಬಣ್ಣದ ಹಾಳೆ ಕೂಡಿಹಾಕಿ, ಭಾನುವಾರಗಳನ್ನೆಲ್ಲ ಸುರಿದು, ಆಳೆತ್ತರದ ಮಿಹಿರೆಯನ್ನು ಮಾಡಿ ಕೋಣೆಯಲ್ಲಿ ನಿಲ್ಲಿಸಿಕೊಂಡಿದ್ದಳು.

ಒಂದು ಸಂಜೆ ಬಂದು ನೋಡಿದರೆ ಮೂಲೆ ಖಾಲಿ. ಎದುರಿಗೆ ಸೋದರಮಾವ ಮುನಿರತ್ನ ಮನೆ ಕಟ್ಟಿಸುತ್ತಿದ್ದ. ಆ ಕಟ್ಟಡಕ್ಕೆ ಕೆಟ್ಟ ಕಣ್ಣು ತಾಗದಿರಲೆಂದು ಮಿಹಿರೆಯನ್ನು ಕಂಬಿಗೆ ನೇತುಹಾಕಿದ್ದ. ಮುಖಕ್ಕೆ ಮಸಿ, ಬಾಯಿಗೆ ಕೋರೆಹಲ್ಲು, ಕೊರಳಿಗೆ ಹಳೇ ಚಪ್ಪಲಿ.

"ಮಾವ, ಅದು ನಂದು. ಇಳಿಸ್ಕೊಡು."

"ಈಗದು ದಿಷ್ಟಿಬೊಂಬೆ ಕಣಮ್ಮಿ. ಕಟ್ಟಿದ್ಮೇಲೆ ಗೃಹಪ್ರವೇಶದ ಗಂಟ ಇಳಿಸ್ಬಾರ್ದು. ಬೊಂಬೆಗೆಲ್ಲಾ ಅಳ್ತಾರಾ?" ಎಂದು ಮುನಿರತ್ನ ಗಾರೆಯವರ ಮುಂದೆ ಹಲ್ಲು ಕಿರಿದ.

ಭೂಮಿಕಾಳ ಮೈಯೆಲ್ಲ ಉರಿದುಹೋಯಿತು. ಮಿಹಿರೆಯ ಮಾನ ತೆಗೆದವನ ಮಾನ ತೆಗೆಯದೆ ಬಿಡುವುದಿಲ್ಲ ಎಂದುಕೊಂಡಳು. ಅವನ ಬಾಯಲ್ಲಿ ಮಿನುಗುತ್ತಿದ್ದ ಚಿನ್ನದ ಹಲ್ಲನ್ನು ಚೆನ್ನಾಗಿ ನೋಡಿಕೊಂಡು ಮನೆಗೆ ಹೋದಳು.

ಮಳೆಗಾಲ ಬಂತು. ಮಸಿ ತೊಳೆದು, ಕೋರೆಹಲ್ಲು ಕಳಚಿಹೋಗಿ ಮಿಹಿರೆಯ ನಗು ಮತ್ತೆ ಕಾಣಿಸಿತು. "ಇಂಥ ಲಕ್ಷಣವಾದ ಮುಖಕ್ಕೆ ದಿಷ್ಟಿ ನಿಲ್ಲಾಕಿಲ್ಲ. ಪಕ್ಕದಾಗೆ ಇನ್ನೊಂದು ಕಟ್ಲಾ" ಎಂದಳು ಮುನಿರತ್ನನ ತಾಯಿ ಅಶ್ವತ್ಥಮ್ಮ.

ಅವನು ನಾಚಿಕೆಯಿಲ್ಲದೆ ಸೋದರಸೊಸೆಯ ಹತ್ತಿರವೇ ಬಂದ. "ನಿನ್ ಕೈಯೇ ವಾಸಿ ಕಣಮ್ಮಿ. ಕಂಡೋರು ಬೆಚ್ಚಿಬೀಳೋ ಹಂಗೆ ಮಾಡ್ಕೊಡು."

"ಆಗ್ಲಿ ಮಾವ" ಎಂದಳು ಭೂಮಿಕಾ, ಬೆಣ್ಣೆಯಂಥ ದನಿಯಲ್ಲಿ.

ಕಟ್ಟುವ ತನಕ ಬೊಂಬೆಯ ಮುಖ ಯಾರೂ ನೋಡಬಾರದೆಂಬುದು ಅಶ್ವತ್ಥಮ್ಮನ ಕಟ್ಟಳೆ. ಗೋಣಿ ಸುತ್ತಿದ ಬೊಂಬೆಗೆ ಆಕೆ ಕುಂಕುಮ ಇಟ್ಟಳು. ಮುನಿರತ್ನನೇ ಏಣಿ ಹತ್ತಿ ಕಟ್ಟಿ, ಗೋಣಿ ಎಳೆದ. ಕೆಳಗೆ ಗಾರೆಯವರು ಗೊಳ್ಳೆಂದು ನಕ್ಕರು. ಅದೇ ತಿರುಚಿದ ಮೀಸೆ, ಅದೇ ಬೋಳು ನೆತ್ತಿ, ಅದೇ ಚಿನ್ನದ ಹಲ್ಲು.

"ಅಮ್ಮಾ, ಕಿತ್ತಾಕ್ತೀನಿ ಇದನ್ನ!"

"ಕೈ ಇಕ್ಕೀಯಾ ಜೋಕೆ! ಕಟ್ಟಿದ್ಮೇಲೆ ಇಳಿಸ್ಬಾರ್ದು ಕಣ್ಲಾ" ಎಂದು ಅಶ್ವತ್ಥಮ್ಮ ಗದರಿದಳು.

ಬೊಂಬೆ ಅಲ್ಲೇ ಉಳಿಯಿತು. ಹೊಸೂರು ಬಸ್ಸಿನ ಕಂಡಕ್ಟರು ಆ ಸ್ಟಾಪಿಗೆ ತನ್ನ ತಮಿಳಿನಲ್ಲಿ "ಮುನಿರತ್ನ ಬೊಮ್ಮೈ" ಎಂದೇ ಕೂಗತೊಡಗಿದ. ಮುನಿರತ್ನ ಹಿಂದಿನ ಗಲ್ಲಿಯಿಂದ ಓಡಾಡುವಂತಾಯಿತು. ಭೂಮಿಕಾಗೆ ಅದೂ ಸಾಲಲಿಲ್ಲ.

ಗೃಹಪ್ರವೇಶದ ಬೆಳಿಗ್ಗೆ ನೆಂಟರೆಲ್ಲ ನೆರೆದರು. ದೃಷ್ಟಿಬೊಂಬೆಯನ್ನು ಮನೆಯ ಯಜಮಾನನೇ ಇಳಿಸಿ, ಮೂರು ದಾರಿ ಕೂಡುವಲ್ಲಿ ತನ್ನ ಕೈಯಾರೆ ಸುಡಬೇಕು. ಎರಡು ಬೊಂಬೆಗಳನ್ನೂ ಅಲ್ಲಿ ಜೊತೆಗೆ ಮಲಗಿಸಿದರು. ಮಿಹಿರೆಯೂ ಉಳಿಯುವಂತಿರಲಿಲ್ಲ. ಭೂಮಿಕಾ ಬಗ್ಗಿ ಅವಳ ಕೆನ್ನೆ ಒರೆಸಿ, ಕೊರಳಿನ ಚಪ್ಪಲಿ ಬಿಚ್ಚಿ ಎಸೆದಳು.

ಬೆಂಕಿಪೊಟ್ಟಣ ತೆಗೆದ ಮುನಿರತ್ನ ಕಡ್ಡಿ ಗೀರದೆ ನಿಂತ. ತನ್ನ ಮುಖಕ್ಕೆ ತಾನೇ ಕೊಳ್ಳಿ ಇಡುವುದು ಹೇಗೆ? ಅವನ ಕಣ್ಣಲ್ಲಿ ನೀರು ಬಂತು.

"ಭೂಮೀ, ಇದೊಂದು ಬ್ಯಾಡ ಕಣಮ್ಮಿ. ನಿನ್ ಕಾಲಿಗೆ ಬೀಳ್ತೀನಿ" ಎಂದು ಪಿಸುಗುಟ್ಟಿದ.

"ಬೊಂಬೆಗೆಲ್ಲಾ ಅಳ್ತಾರಾ ಮಾವ?" ಎಂದಳು ಭೂಮಿಕಾ, ಎಲ್ಲರಿಗೂ ಕೇಳಿಸುವ ಹಾಗೆ. "ಕಡ್ಡಿ ಗೀರು."