ಬಾನೆಟ್ ಇಲ್ಲದ ಬಸ್ಸು

ಮಾಗಿಯ ಚಳಿ. ಸೊರಬದ ಬಸ್‌ಸ್ಟ್ಯಾಂಡಿನಲ್ಲಿ ಚಹಾದಂಗಡಿಯ ಒಲೆ ಹೊತ್ತಿಕೊಳ್ಳುವ ಹೊತ್ತಿಗೆ ಚಂದ್ರಶೇಖರ್ ತನ್ನ ಹೊಸ ಬಸ್ಸು ತಂದು ನಿಲ್ಲಿಸಿದ. ಹೊಸದು ಅವನಿಗಷ್ಟೇ. ಅದರ ಚಾಸಿ ಯಾವುದೋ ದೊಡ್ಡ ಊರಿನಲ್ಲಿ ಸಿಟಿ ಬಸ್ಸಾಗಿ ದುಡಿದು, ಆಮೇಲೆ ಕಾರ್ಖಾನೆಯ ಜನರನ್ನು ಹೊತ್ತು, ಹರಾಜಿಗೆ ಬಿದ್ದು, ಬೇರೆ ಬಾಡಿ ಕಟ್ಟಿಸಿಕೊಂಡು ನಮ್ಮ ಪಾಲಿಗೆ ಬಂದಿತ್ತು. ಇಂಜಿನ್ ಹಿಂದಿತ್ತು.

ಮಂಡಿ ಯಜಮಾನ ವೀರಬಸಪ್ಪನವರು ಮುಂಬಾಗಿಲಲ್ಲಿ ಹತ್ತಿ, ಹೆಗಲ ಟವೆಲ್ ಕೊಡವಿ, ಹಾಸಲು ಬಾನೆಟ್ ಹುಡುಕಿದರು. ಇರಲಿಲ್ಲ. ನಮ್ಮ ಕಡೆ ಡ್ರೈವರ್ ಪಕ್ಕದ ಬೆಚ್ಚಗಿನ ಬಾನೆಟ್ ಮೇಲೆ ಕೂತವರು ದೊಡ್ಡವರು. ಎಷ್ಟೋ ವರ್ಷದಿಂದ ಆ ಜಾಗ ಅವರದು. ಅಲ್ಲಿಂದ ಹಿಂದಕ್ಕೆ ತಿರುಗಿ ಮಾತಾಡಿದರೆ ಇಡೀ ಬಸ್ಸು ಕೇಳಬೇಕಿತ್ತು. ಬೇಲಿ ಜಗಳ ಮುಗಿಸಿದ್ದು, ಹೊಸ ಜಗಳ ಹಚ್ಚಿದ್ದು ಎಲ್ಲ ಅಲ್ಲಿಂದಲೇ. ಈಗ ಮುಂದಿದ್ದುದು ಹೆಂಗಸರ ಸೀಟು ಮಾತ್ರ.

“ಏನೋ ಚಂದ್ರು, ನನ್ನನ್ನ ಎಲ್ಲಿ ಕೂರಿಸ್ತೀಯ?”

“ಸೀಟು ಬೇಕಾದಷ್ಟು ಐತಲ್ರೀ.”

“ಸೀಟಲ್ಲಿ ಎಲ್ರೂ ಕೂರ್ತಾರೆ.”

ಅವರು ಅದೇ ದಾರಿಯಲ್ಲಿ ಓಡುವ, ಬಾನೆಟ್ ಇರುವ ಹಳೇ ಬಸ್ಸಿಗೆ ಹೋದರೆ ಮಂಡಿಯ ಜನವೂ ಹೋದೀತೆಂದು ಚಂದ್ರಶೇಖರ್ ಹೆದರಿದ. ಪ್ಲೈವುಡ್ ಪೆಟ್ಟಿಗೆ ಮಾಡಿಸಿ, ರೆಕ್ಸಿನ್ ಹೊದಿಸಿ ಡ್ರೈವರ್ ಪಕ್ಕ ಇಡಿಸಿದ. ನೆಲದಡಿ ಇಂಜಿನ್‌ವರೆಗೆ ಪೈಪು, ವೈರು ಹೋಗಿದ್ದರಿಂದ ಬೋಲ್ಟ್ ಹೊಡೆಯುವಂತಿರಲಿಲ್ಲ. ಹಗ್ಗದಿಂದ ಕಂಬಿಗೆ ಕಟ್ಟಿದ.

ಬಾನೆಟ್ಟೇನೋ ಬಂತು, ಬಿಸಿ ಬರಲಿಲ್ಲ. ಬಿಸಿಯೆಲ್ಲ ಹಿಂದಿನ ಉದ್ದ ಸೀಟಿನಲ್ಲಿ, ಶುಂಠಿ ಕೀಳಲು ಹೋಗುವ ಕೂಲಿಯವರ ಕೆಳಗೆ.

“ಯಜಮಾನ್ರೇ, ಇಲ್ಲಿ ಒಲೆ ಮುಂದೆ ಕೂತಂಗೈತೆ, ಬರ್ರಿ!” ಅಲ್ಲಿಂದ ಲೋಕಮ್ಮ ಕೂಗಿದಳು.

ಯಜಮಾನರು ಕೇಳಿಸದವರಂತೆ ಹಗ್ಗ ನೋಡಿದರು. “ಇದೇನೋ ಇದು? ನಾನೇನು ಎಮ್ಮೇನಾ, ಕಟ್ಟಿಹಾಕಾಕೆ? ಬಿಚ್ಚು!”

“ಮುಂದೆ ಏರು ಐತ್ರೀ,” ಎಂದ ಡ್ರೈವರ್ ಗುತ್ಯಪ್ಪ.

“ನನಗೇ ದಾರಿ ಹೇಳ್ಕೊಡ್ತೀಯಾ?”

ಗುತ್ಯಪ್ಪ ಹಗ್ಗ ಬಿಚ್ಚಿದ. ಏರಿನಲ್ಲಿ ಅವನು ಗೇರು ಬದಲಿಸಿ ಆಕ್ಸಿಲರೇಟರ್ ಒತ್ತಿದ್ದೇ ತಡ, ಪೆಟ್ಟಿಗೆ ಹೊರಟಿತು. ವೀರಬಸಪ್ಪನವರು ಅದರ ಮೇಲೆ ನೆಟ್ಟಗೆ ಕೂತೇ, ಸೀಟುಗಳ ನಡುವೆ ಹಿಂದಕ್ಕೆ ಜಾರುತ್ತ, ನಮ್ಮನ್ನೆಲ್ಲ ಒಬ್ಬೊಬ್ಬರಾಗಿ ನೋಡುತ್ತ ಇಂಜಿನ್ನಿನ ಹತ್ತಿರ ಬಂದು ಮುಟ್ಟಿದರು.

“ಸರೀರೇ ಅತ್ತಾಗೆ, ಯಜಮಾನ್ರು ಬಂದ್ರು,” ಎಂದಳು ಲೋಕಮ್ಮ.

ನಗು ತಡೆಯಲು ನಾನು ನನ್ನ ಟವೆಲ್ ಕಚ್ಚಿಕೊಂಡೆ. ಬೇರೆ ದಾರಿಯಿಲ್ಲದೆ ಅವರು ಕೂಲಿಯವರ ನಡುವೆ ಕೂತರು. ಸ್ವಲ್ಪ ಹೊತ್ತಿಗೆ ಗೊರಕೆ. ಶಿಕಾರಿಪುರದಲ್ಲಿ ಲೋಕಮ್ಮ ಎಬ್ಬಿಸಬೇಕಾಯಿತು. ಯಾರ ಮುಖವನ್ನೂ ನೋಡದೆ ಹಿಂಬಾಗಿಲಿಂದ ಇಳಿದರು.

ಮತ್ತೆ ಅವರು ಕಂಡದ್ದು ಸೊರಬದಲ್ಲಿ, ನಮ್ಮ ಬಸ್ಸಿನ ಪಕ್ಕ ನಿಂತಿದ್ದ ಹಳೇ ಬಸ್ಸಿನಲ್ಲಿ, ಬಾನೆಟ್ ಮೇಲೆ ಟವೆಲ್ ಹಾಸಿಕೊಂಡು. ಮಂಡಿಯವರು ಯಾರೂ ಜೊತೆಗಿರಲಿಲ್ಲ. ಚಳಿಗೆ ಅದು ಸ್ಟಾರ್ಟ್ ಆಗಲಿಲ್ಲ.

“ತಳ್ರೋ!” ಎಂದರು, ಕೂತಲ್ಲಿಂದಲೇ.

ಲೋಕಮ್ಮನೂ ಅವಳ ಜೊತೆಯವರೂ ನಮ್ಮ ಬಸ್ಸಿನ ಬೆಚ್ಚಗಿನ ಸೀಟು ಬಿಟ್ಟು ಇಳಿದು ಹಳೇ ಬಸ್ಸನ್ನು ತಳ್ಳಿದರು. ಹಾಗೆ ವೀರಬಸಪ್ಪನವರು ನಮ್ಮ ಬಸ್ಸು ಬಿಟ್ಟು ಹೋದರು, ಅಮಾವಾಸ್ಯೆ ಕಳೆದ ಸೋಮವಾರ.